ದೊಡ್ಡಪತ್ರೆ ಕುಂಡ ಮತ್ತು ನಮ್ಮ ಕ್ರಾಸಿನ ಕೆಮ್ಮು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ಕೆಮ್ಮಿದರೆ ಎಣಿಸುತ್ತೇನೆ. ದೇವಸ್ಥಾನದಲ್ಲಿ ಮಂಗಳಾರತಿ ಆಗುವಾಗ ಎಲ್ಲರಂತೆ ನಾನೂ ಕಣ್ಣು ಮುಚ್ಚಿ ಕೈಮುಗಿದು ನಿಂತಿರುತ್ತೇನೆ, ಕಿವಿ ಮಾತ್ರ ಹಿಂದಿನ ಸಾಲಿನಲ್ಲಿರುತ್ತದೆ. ಒಣ ಕೆಮ್ಮು ಎರಡು, ಕಫದ್ದು ಒಂದು, ಸುಮ್ಮನೆ ಗಂಟಲು ಸರಿಮಾಡಿಕೊಂಡದ್ದು ಒಂದು. ಈ ಕೊನೆಯದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂದು ಯೋಚಿಸುವಷ್ಟರಲ್ಲಿ ಆರತಿ ತಟ್ಟೆ ನನ್ನನ್ನು ದಾಟಿ ಹೋಗಿರುತ್ತದೆ. ಮನೆಗೆ ಬಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಹೌದು, ಇದಕ್ಕೊಂದು ಪುಸ್ತಕ ಬೇರೆ ಇದೆ.

ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಲೋಲಕ ಎಷ್ಟು ಸಲ ತೂಗಿತು, ನೀರು ಎಷ್ಟು ನಿಮಿಷಕ್ಕೆ ಎಷ್ಟು ಆರಿತು, ಮೂರು ಸಲ ನೋಡು, ಸರಾಸರಿ ತೆಗೆ, ಬರೆ. ಇದನ್ನೇ ಮೂವತ್ತೊಂದು ವರ್ಷ ಹೇಳಿದ ಬಾಯಿಗೆ ನಿವೃತ್ತಿಯಾದ ಮರುದಿನ ಏನೂ ತೋಚಲಿಲ್ಲ. ಮೊದಲ ತಿಂಗಳು ಹಾಲು ಉಕ್ಕುವುದಕ್ಕೆ ಎಷ್ಟು ಹೊತ್ತು ಬೇಕೆಂದು ನೋಡಿದೆ. ಅಳೆಯುವುದರಲ್ಲಿ ಮೈಮರೆತು ಎರಡು ಸಲ ಉಕ್ಕಿಸಿದ ಮೇಲೆ ನಮ್ಮನೆಯವರು ಕೈಮುಗಿದು, "ನೀನು ಬೇರೆ ಏನಾದ್ರೂ ಅಳೆ ಮಾರಾಯ್ತಿ, ಹಾಲೊಂದು ಬಿಟ್ಬಿಡು" ಎಂದರು. ಹಾಗಾಗಿ ಕೆಮ್ಮಿಗೆ ಬಂದೆ.

ಕೆಮ್ಮು ನನ್ನ ಮನೆ ಬಾಗಿಲಿಗೆ ತಾನಾಗಿಯೇ ಬರುತ್ತಿತ್ತು ಎನ್ನುವುದನ್ನೂ ಹೇಳಬೇಕು. ಪದ್ಮನಾಭನಗರದ ನಮ್ಮ ಕ್ರಾಸಿನಲ್ಲಿ ಹದಿನೆಂಟು ಮನೆ. ಅಷ್ಟೂ ಮನೆಗೆ ದೊಡ್ಡಪತ್ರೆ ಗಿಡ ಇರುವುದು ನಮ್ಮ ಕಾಂಪೌಂಡ್ ಗೋಡೆಯ ಮೇಲಿನ ಕುಂಡದಲ್ಲಿ ಮಾತ್ರ. ಉಳಿದವರೆಲ್ಲ ನನ್ನಿಂದಲೇ ಒಂದೊಂದು ಕಡ್ಡಿ ಒಯ್ದು ನೆಟ್ಟವರೇ. ನೀರು ಜಾಸ್ತಿ ಹಾಕಿ ಕೊಳೆಸಿದವರೇ. ಯಾರಿಗೆ ಗಂಟಲು ಕೆರೆದರೂ, ಯಾರ ಮಗುವಿಗೆ ಮೂಗು ಕಟ್ಟಿದರೂ ನಮ್ಮ ಗೇಟಿನ ಹತ್ತಿರ ಬಂದು, "ವತ್ಸಲಾ ಆಂಟಿ, ನಾಲ್ಕು ಎಲೆ" ಎಂದು ಕೂಗುತ್ತಾರೆ. ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕುಡಿದರೆ ನೆಗಡಿ ಏಳು ದಿನದಲ್ಲಿ ಹೋಗುತ್ತದೆ. ಕುಡಿಯದಿದ್ದರೆ ಒಂದು ವಾರ ಹಿಡಿಯುತ್ತದೆ ಎಂದು ನಮ್ಮನೆಯವರು ಹೇಳುತ್ತಾರೆ. ಅವರ ಮಾತು ಕಟ್ಟಿಕೊಳ್ಳಬೇಡಿ, ನೆಗಡಿಯಾದರೆ ಮೊದಲ ಎಲೆ ಅವರದೇ.

ಇನ್ನೊಂದು ಅನುಕೂಲ. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು, ಗಿಡ ಮಲಗಿರುತ್ತದೆ ಎಂಬ ನಂಬಿಕೆ ನಮ್ಮ ಬೀದಿಯಲ್ಲಿ ಇನ್ನೂ ಗಟ್ಟಿಯಾಗಿದೆ. ಆದ್ದರಿಂದ ದಿನದ ವರದಿಯೆಲ್ಲ ಸಂಜೆ ಆರರೊಳಗೆ ನನಗೆ ತಲುಪಿಬಿಡುತ್ತದೆ. ಯಾವ ಮನೆ, ಎಷ್ಟು ಎಲೆ, ಯಾರಿಗೆ, ಎಷ್ಟು ದಿನದಿಂದ. ಹೀಗೆ ಎರಡು ವರ್ಷ ಬರೆದ ಮೇಲೆ ನನಗೆ ಒಂದು ಸಂಗತಿ ಕಂಡಿತು. ನಮ್ಮ ಕ್ರಾಸಿಗೆ ನೆಗಡಿ ಸಾಮಾನ್ಯವಾಗಿ ಮೂಲೆಮನೆಯ ಮಹಡಿಯ ಟ್ಯೂಷನ್ ಸೆಂಟರಿನಿಂದ ಇಳಿದು ಬರುತ್ತದೆ. ಕತ್ರಿಗುಪ್ಪೆಯ ಮಗು ಚಿಕ್ಕಲಸಂದ್ರದ ಮಗುವಿನ ಪಕ್ಕ ಕೂತು ತ್ರಿಕೋನಮಿತಿ ಕಲಿಯುತ್ತದೆ, ನೆಗಡಿ ಹಂಚಿಕೊಳ್ಳುತ್ತದೆ. ತ್ರಿಕೋನಮಿತಿ ಎಷ್ಟು ಹರಡುತ್ತದೋ ಗೊತ್ತಿಲ್ಲ, ನೆಗಡಿಯಂತೂ ನಾಲ್ಕನೇ ದಿನಕ್ಕೆ ಎದುರು ಮನೆಯಲ್ಲಿರುತ್ತದೆ. ಗೌರಿ ಹಬ್ಬದ ವಾರವಾದರೆ ಇನ್ನೂ ವೇಗ. ನಾವು ಹೆಂಗಸರು ಮನೆಯಿಂದ ಮನೆಗೆ ಹೋಗಿ ಬಾಗಿನ ಕೊಡುತ್ತೇವಲ್ಲ, ಮೊರದೊಳಗೆ ಬಳೆ, ಅಕ್ಕಿ, ಬೇಳೆಯ ಜೊತೆಗೆ ಅದನ್ನೂ ಇಟ್ಟೇ ಕೊಡುತ್ತೇವೆ.

ಆ ಮೂಲೆಮನೆಯ ಮಾಲೀಕರು ಗಂಗಣ್ಣ. ಈ ಭಾಗವೆಲ್ಲ ಹೊಲವಾಗಿದ್ದಾಗ ಅವರ ತಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದರಂತೆ. ಗಂಗಣ್ಣ ಕೆಮ್ಮಿದರೆ ಹಳೆಯ ಸ್ಕೂಟರ್ ಕಿಕ್ ಹೊಡೆದಂತೆ ಇಡೀ ಬೀದಿಗೆ ಕೇಳುತ್ತದೆ. ಆದರೂ ಒಪ್ಪುವುದಿಲ್ಲ. "ನೆಗಡಿ ಅಲ್ಲ ಮೇಡಂ, ಮೆಟ್ರೋ ಧೂಳು" ಎನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಯಾರಿಗೂ ನೆಗಡಿ ಆಗುವುದೇ ಇಲ್ಲ, ಗಮನಿಸಿದ್ದೀರಾ? ಒಬ್ಬರಿಗೆ ಧೂಳು, ಒಬ್ಬರಿಗೆ ಎ.ಸಿ., ಒಬ್ಬರಿಗೆ ವೆದರ್ ಚೇಂಜು, ಒಬ್ಬರಿಗೆ ನಿನ್ನೆ ತಿಂದ ಸೀಬೆಹಣ್ಣು. ಕೆಮ್ಮುತ್ತಲೇ ಇವನ್ನೆಲ್ಲ ಹೇಳುತ್ತಾರೆ, ಹೇಳಿ ಮುಗಿಸಿ ನಾಲ್ಕು ಎಲೆ ಒಯ್ಯುತ್ತಾರೆ.

ಇಲ್ಲಿಯವರೆಗೆ ನನ್ನ ಪುಸ್ತಕದಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಈ ಸಲದ ಮಳೆಗಾಲದಲ್ಲಿ, ಎದುರು ಮನೆ ಕಮಲಮ್ಮನವರ ಮರಿಮಗಳು ಹುಟ್ಟಿದಾಗ.

ಕಮಲಮ್ಮನವರಿಗೆ ಎಂಬತ್ತೆರಡು. ಮಗ, ಸೊಸೆ ಜೊತೆ ಇದ್ದಾರೆ. ಮಗಳ ಮನೆ ಜೆ.ಪಿ. ನಗರದಲ್ಲಿ. ಆ ಮಗಳ ಮಗಳು ಶ್ರುತಿ ಹೆತ್ತದ್ದು, ಬಾಣಂತನ ನಡೆಯುತ್ತಿದ್ದುದು ಎಲ್ಲ ಅಲ್ಲೇ. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿಬಿಟ್ಟಿತ್ತು, ಹಾಗಾಗಿ ನೆಗಡಿ ಕೆಮ್ಮು ಇರುವವರು ಹತ್ತಿರ ಸುಳಿಯಬಾರದೆಂದು ಆಸ್ಪತ್ರೆಯವರು ಬಿಗಿಯಾಗಿ ಹೇಳಿ ಕಳಿಸಿದ್ದರು. ಶ್ರುತಿಗೆ ಹೇಳಬೇಕಾಗಿಯೇ ಇರಲಿಲ್ಲ, ಅವಳ ಕೆಲಸವೇ ಅದು. ಊರಿನಲ್ಲಿ ಯಾವ ಜ್ವರ, ಯಾವ ಕೆಮ್ಮು ಏರುತ್ತಿದೆ, ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂದು ನೋಡುವ ತಂಡದಲ್ಲಿದ್ದಾಳೆ. ಒಮ್ಮೆ ನಾನು, "ಇಷ್ಟು ದೊಡ್ಡ ಊರಲ್ಲಿ ಎಲ್ಲರನ್ನೂ ಹೇಗಮ್ಮ ಎಣಿಸ್ತೀರಿ?" ಎಂದು ಕೇಳಿದ್ದೆ. "ಎಲ್ಲರನ್ನೂ ಎಣಿಸಲ್ಲ ಆಂಟಿ. ಕೆಲವು ಆಸ್ಪತ್ರೆ ಆರಿಸ್ಕೊಂಡು, ಅಲ್ಲಿಗೆ ವಾರವಾರ ಕೆಮ್ಮು ಅಂತ ಎಷ್ಟು ಜನ ಬಂದ್ರು ನೋಡ್ತೀವಿ. ಕೆಲವರ ಮೂಗಿನ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ. ಚರಂಡಿ ನೀರೂ ನೋಡ್ತಾರೆ" ಎಂದಳು. ಚರಂಡಿ ನೀರು ಎಂದಾಗ ನಾನು ಮುಖ ಸಿಂಡರಿಸಿದೆ. ಆದರೆ ಉಳಿದದ್ದು ಕೇಳಿ ಎದೆ ಉಬ್ಬಿತು. ನಾನು ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಅವರಿಗೆ ಆಸ್ಪತ್ರೆ, ನನಗೆ ಕುಂಡ.

ಈಗ ಅದೇ ಶ್ರುತಿ ಫೋನು ಮಾಡಿ ನನ್ನ ಸಹಾಯ ಕೇಳಿದಳು. "ಆಂಟಿ, ಅಜ್ಜಿ ದಿನಾ ಪಾಪು ಕರ್ಕೊಂಡ್ ಬಾ ಅಂತಾರೆ. ನಿಮ್ಮ ಕ್ರಾಸಲ್ಲಿ ಎರಡು ವಾರ ಯಾರೂ ಕೆಮ್ಮಿಲ್ಲ ಅಂತ ನೀವು ಹೇಳಿದ ದಿನ ಬರ್ತೀನಿ. ನಿಮ್ಮ ಪುಸ್ತಕದ ಮೇಲೆ ನಂಗೆ ನಂಬಿಕೆ ಇದೆ." ಅವಳು ಅರ್ಧ ತಮಾಷೆಗೆ ಹೇಳಿರಬಹುದು. ನಾನು ಪೂರ್ತಿ ಗಂಭೀರವಾಗಿ ತೆಗೆದುಕೊಂಡೆ.

ಕಮಲಮ್ಮನವರಂತೂ ಫೋನಿನ ಪರದೆಯಲ್ಲಿ ಮಗುವನ್ನು ನೋಡಿ ನೋಡಿ ಸಾಕಾಗಿದ್ದರು. "ಗಾಜಿನ ಮೇಲೆ ಎಷ್ಟು ಸಲ ಲಟಿಗೆ ಮುರೀಲೇ? ಕೈಗೆ ಬೆಚ್ಚಗೆ ಸಿಗ್ಬೇಕಲ್ಲ" ಎನ್ನುತ್ತಿದ್ದರು. ಮಗುವಿಗೆಂದು ಒಂದು ಉಲ್ಲನ್ ಕುಲಾವಿ ಹೆಣೆದಿದ್ದರು. ಹೆಣೆದದ್ದು ಹುಟ್ಟಿದ ವಾರದ ಅಳತೆಗೆ, ನನ್ನ ಮುಷ್ಟಿಯಷ್ಟು. ಮಗು ಬರುವುದು ತಡವಾಗುತ್ತದೆ ಎಂದು ಗೊತ್ತಾದ ಮೇಲೆ ಅದರ ಅಂಚಿನ ಗಂಟು ಬಿಚ್ಚಿ, ಕೆಮ್ಮಿದ ವಾರಕ್ಕೊಂದು ಸುತ್ತು ಎಂದು ಸೇರಿಸತೊಡಗಿದರು. ಮನೆಯಲ್ಲಿ ಉಳಿದಿದ್ದ ಚೂರುಪಾರು ಉಲ್ಲನ್ನು, ಒಂದು ಸುತ್ತು ಹಳದಿ, ಒಂದು ಸುತ್ತು ಗಿಣಿಹಸಿರು. "ಕೆಮ್ಮು ನಿಂತ ವಾರ ಗಂಟು ಹಾಕ್ತೀನಿ" ಎಂದಿದ್ದರು.

ನಾನು ಕೆಲಸಕ್ಕೆ ಇಳಿದೆ. ಹಬ್ಬದ ವಾರದಲ್ಲಿ ಹನ್ನೊಂದು ಸಲ ಎಲೆ ಕೇಳಿ ಬಂದರು. ಇದನ್ನು ಸುಮ್ಮನೆ ಪುಸ್ತಕದಲ್ಲಿ ಇಟ್ಟುಕೊಂಡರೆ ಏನು ಬಂತು, ಜನ ಎಚ್ಚರವಾಗಲಿ ಎಂದು ಭಾನುವಾರ ನಮ್ಮ ಕ್ರಾಸಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಬರೀ ಹನ್ನೊಂದು ಎಂದು ಹಾಕಿದ್ದರೆ ನಾನು ನಾನಾಗುತ್ತಿರಲಿಲ್ಲ. ಮನೆ ನಂಬರ್ ಸಮೇತ, ಕೆಮ್ಮಿನ ಬಗೆ ಸಮೇತ, ಒಂದು ಗ್ರಾಫ್ ಸಮೇತ ಹಾಕಿದೆ. ಕೈಮುಗಿದ ಚಿತ್ರಗಳು ಬಂದವು, ಹೆಬ್ಬೆರಳು ಬಂತು. ಜನ ಮೆಚ್ಚಿದರೆಂದು ಹಿಗ್ಗಿದೆ. "ನೀನು ಡಾಕ್ಟರೋ ಸಿ.ಐ.ಡಿ.ನೋ?" ಎಂದು ನಮ್ಮನೆಯವರು ಕೇಳಿದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಎರಡನೇ ವಾರ ಒಂಬತ್ತಾಯಿತು. ಮೂರನೇ ವಾರ ಮೂರು. ನಾಲ್ಕನೇ ವಾರ ಸೊನ್ನೆ! ಗೇಟಿನ ಹತ್ತಿರ ಒಬ್ಬರೂ ಬರಲಿಲ್ಲ. ನನ್ನ ಗ್ರಾಫು ಜಾರುಬಂಡೆಯಂತೆ ಇಳಿದಿತ್ತು. ಐದನೇ ವಾರವೂ ಸೊನ್ನೆ. ಖುಷಿಗೆ ಕೇಸರಿಬಾತ್ ಮಾಡಿ ಹಂಚಿದೆ.

ಒಂದೇ ಒಂದು ವಿಷಯ ಕಣ್ಣಿಗೆ ಚುಚ್ಚುತ್ತಿತ್ತು. ಎಲೆ ಕೇಳುವವರಿಲ್ಲ, ಆದರೆ ಗಿಡ ಬೋಳಾಗುತ್ತಿದೆ. ದಿನ ಬೆಳಗಾದರೆ ಹತ್ತು ಹನ್ನೆರಡು ಎಲೆ ಮಾಯ. ಬಸವನಹುಳ ಇರಬೇಕೆಂದು ಕುಂಡದ ಸುತ್ತ ಉಪ್ಪು ಸುರಿದೆ. ಆಗಲಿಲ್ಲ. ಕಂಬಳಿಹುಳ ಇರಬೇಕೆಂದು ಬೇವಿನೆಣ್ಣೆ ನೀರಿಗೆ ಬೆರೆಸಿ ಗಿಡದ ತುಂಬ ಸಿಂಪಡಿಸಿದೆ. ಅದಕ್ಕೂ ಜಗ್ಗಲಿಲ್ಲ. "ನೆಗಡಿ ಈಗ ಗಿಡಕ್ಕೇ ಬಂದಿರ್ಬೇಕು ಕಣೆ, ಅದೇ ಅದರ ಎಲೆ ತಿಂತಿದೆ" ಎಂದರು ನಮ್ಮನೆಯವರು. ಲ್ಯಾಬಿನಲ್ಲಿ ಎರಡು ಉಪಕರಣ ಎರಡು ಉತ್ತರ ಕೊಟ್ಟರೆ ಎರಡನ್ನೂ ಅನುಮಾನಿಸಬೇಕೆಂದು ಹುಡುಗಿಯರಿಗೆ ಹೇಳುತ್ತಿದ್ದವಳು ನಾನು. ಇಲ್ಲಿ ಮಾತ್ರ ನನಗೆ ಬೇಕಾದ ಉತ್ತರವನ್ನು ಹಿಡಿದುಕೊಂಡೆ. ಶ್ರುತಿಗೆ ಫೋನು ಮಾಡಿ, "ಎರಡು ವಾರ ಸೊನ್ನೆ ಕಣಮ್ಮ. ಈ ಭಾನುವಾರ ಪಾಪು ಕರ್ಕೊಂಡು ಬಾ" ಎಂದೇ ಬಿಟ್ಟೆ.

ಸುದ್ದಿ ಹೇಳಲು ಎದುರು ಮನೆಗೆ ಓಡಿದೆ. ಕಮಲಮ್ಮನವರು ಜಗಲಿಯಲ್ಲಿ ಕೂತು ಕುಲಾವಿಗೆ ಕೆಂಪು ಉಲ್ಲನ್ನಿನ ಸುತ್ತು ಹಾಕುತ್ತಿದ್ದರು. ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು ಕಡ್ಡಿ ನಿಲ್ಲಿಸಿ, "ಹೌದಾ? ಬರ್ತಾಳಂತಾ?" ಎಂದರು. ಕಣ್ಣು ತುಂಬಿತು. ಮತ್ತೆ ತಲೆ ತಗ್ಗಿಸಿ ಹೆಣೆಯತೊಡಗಿದರು. "ಕೆಮ್ಮು ನಿಂತಿದೆಯಲ್ಲ, ಇನ್ನೂ ಯಾಕೆ ಸುತ್ತು?" ಎಂದೆ. "ಮಗು ತಲೆ ನಿನ್ನ ಪುಸ್ತಕ ಕೇಳ್ಕೊಂಡು ಬೆಳೆಯುತ್ತಾ?" ಎಂದರು. ಸಂತೋಷಕ್ಕೆ ಹಾಗೆ ಮಾತಾಡುತ್ತಿದ್ದಾರೆ ಎಂದುಕೊಂಡು ಮನೆಗೆ ಬಂದೆ.

ಶನಿವಾರ ಬೆಳಗ್ಗೆ ನನ್ನ ಮಂಡಿ ಹಿಡಿದುಕೊಂಡಿತು. ಪ್ರತಿದಿನ ಐದೂವರೆಗೆ ಪಾರ್ಕಿಗೆ ವಾಕಿಂಗ್ ಹೋಗುವವಳು ಆ ದಿನ ಹೋಗಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ಕಿಟಕಿಯಿಂದ ಹೊರಗೆ ನೋಡಿದೆ. ಗೋಡೆಯ ಹತ್ತಿರ ಕಮಲಮ್ಮನವರು ನಿಂತಿದ್ದಾರೆ! ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಂಡಕ್ಕೆ ಕೈಮುಗಿದು, "ಎಬ್ಬಿಸಿದೆ ಕಣೇ ತಾಯಿ, ಬೇಜಾರ್ ಮಾಡ್ಕೋಬೇಡ. ನಾಲ್ಕೇ ನಾಲ್ಕು" ಎಂದು ಪಿಸುಗುಟ್ಟಿ ಎಲೆ ಕಿತ್ತರು. ಕಿತ್ತು, ಸೆರಗನ್ನು ಬಾಯಿಗೆ ಅದುಮಿಕೊಂಡು ಕೆಮ್ಮಿದರು. ಆ ಕೆಮ್ಮು ನಾನು ಅದುವರೆಗೆ ಪುಸ್ತಕದಲ್ಲಿ ಬರೆದ ಯಾವ ಬಗೆಗೂ ಸೇರುತ್ತಿರಲಿಲ್ಲ. ಶಬ್ದವೇ ಆಗದಂತೆ, ಇಡೀ ಮೈ ಅಲುಗಿಸಿ ಕೆಮ್ಮಿದ ಕೆಮ್ಮು.

ಅಷ್ಟೇ ಆಗಿದ್ದರೆ ಸರಿ. ಅವರ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಮಂಕಿಕ್ಯಾಪ್ ಹಾಕಿಕೊಂಡು ಗಂಗಣ್ಣ ನಿಂತಿದ್ದರು. ತಮ್ಮ ಸರದಿಗೆ ಕಾಯುತ್ತಿದ್ದರು! ಅವರ ಹಿಂದೆ ಒಂಬತ್ತನೇ ನಂಬರಿನವರು ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು, ಹಾಲಿಗೆ ಬಂದವರಂತೆ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನಾನು ಬಾಗಿಲು ತೆಗೆದೆ. ಒಂಬತ್ತನೇ ನಂಬರು ಹಾಲಿನ ಪ್ಯಾಕೆಟ್ಟಿನ ಸಮೇತ ಮಾಯವಾಯಿತು. ಗಂಗಣ್ಣ ಓಡುವ ದೇಹದವರಲ್ಲ, ಹಾಗಾಗಿ ಸಿಕ್ಕಿಬಿದ್ದರು.

"ಏನ್ರೀ ಇದು ಗಂಗಣ್ಣ, ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಕೊಡ್ತೀರಿ ಮೇಡಂ. ಆಮೇಲೆ ಗ್ರೂಪಲ್ಲಿ ಹಾಕ್ತೀರಿ. ನಂಬರ್ ಒಂದು, ಕಫದ ಕೆಮ್ಮು ಅಂತ ನೀವು ಹಾಕಿದ್ದು ನೋಡಿ ಟ್ಯೂಷನ್‌ಗೆ ನಾಲ್ಕು ಮಕ್ಕಳು ಬರೋದು ಬಿಟ್ರು. ಮೇಷ್ಟ್ರು ನನ್ನ ಹತ್ರ ಜಗಳಕ್ಕೆ ಬಂದ್ರು" ಎಂದು ಹೇಳಿ, ತಮ್ಮ ಕೆಮ್ಮಿನ ಸ್ಕೂಟರಿಗೆ ಒಂದು ಕಿಕ್ ಕೊಟ್ಟು, "ಮತ್ತೆ ಈ ವಾರ ಎಲೆಗೆ ಏನ್ ಹಾಕಿದ್ರಿ ಮೇಡಂ? ಸಖತ್ ಕಹಿ. ನಾಲಿಗೆ ಮೂರು ದಿನ ಮರಗಟ್ಟಿತ್ತು" ಎಂದರು. ಬೇವಿನೆಣ್ಣೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. "ತೊಳ್ಕೊಂಡು ಕುಡೀಬೇಕಿತ್ತು" ಎಂದಷ್ಟೇ ಹೇಳಿದೆ.

ಅವರು ಹೋದ ಮೇಲೆ ಕಮಲಮ್ಮನವರನ್ನು ಒಳಗೆ ಕರೆದು ಕೂರಿಸಿದೆ. ಆಮೇಲೆ ಅವರೇ ಶುರುಮಾಡಿದರು. "ಹದಿನೈದು ದಿನ ಆಯ್ತು ಕಣೇ ವತ್ಸಲಾ. ನಿನ್ನ ಕೇಳಿದ್ರೆ ನೀನು ಬರೀತೀಯ. ಬರೆದ್ರೆ ಶ್ರುತಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಬರಲ್ಲ. ಅದಕ್ಕೇ ಮುಚ್ಚಿಟ್ಟೆ. ಈಗ ಬರ್ತಾಳೆ ಅಂದ್ರೆ ಎದೆ ಹೊಡ್ಕೊಳ್ತಿದೆ. ನಾನು ಎತ್ಕೊಂಡು, ಆ ಕೂಸಿಗೆ ಏನಾದ್ರೂ ಆದ್ರೆ? ಬರಬೇಡ ಅನ್ನೋಕೂ ಬಾಯಿ ಬರ್ತಿಲ್ಲ. ನೀನೇ ಹೇಳ್ಬಿಡೇ." ಎಂಬತ್ತೆರಡು ವರ್ಷದ ಹೆಂಗಸು ನನ್ನ ಮುಂದೆ, ಪರೀಕ್ಷೆಯಲ್ಲಿ ಚೀಟಿ ಇಟ್ಟು ಸಿಕ್ಕಿಬಿದ್ದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೂತಿದ್ದರು. ನನ್ನ ಮೇಲೆ ನನಗೇ ಸಿಟ್ಟು ಬಂತು, ನಾಚಿಕೆಯಾಯಿತು.

ಲ್ಯಾಬಿನಲ್ಲಿ ನಾನು ಪ್ರತಿವರ್ಷ ಮೊದಲ ವಾರ ಒಂದು ಪಾಠ ಮಾಡುತ್ತಿದ್ದೆ. ಒಂದು ಚಿಕ್ಕ ಲೋಟದಲ್ಲಿ ಬಿಸಿನೀರು ತೆಗೆದುಕೊಂಡು ದಪ್ಪ ಥರ್ಮಾಮೀಟರ್ ಇಡುವುದು. ನೀರಿನ ಬಿಸಿಯನ್ನು ಸ್ವಲ್ಪ ಥರ್ಮಾಮೀಟರೇ ಹೀರಿಕೊಂಡುಬಿಡುತ್ತದೆ. ಅದು ತೋರಿಸುವುದು ನೀರಿನ ಮೊದಲಿನ ಬಿಸಿಯನ್ನಲ್ಲ, ತಾನು ಹೀರಿ ಉಳಿದದ್ದನ್ನು. ಆದ್ದರಿಂದ ಅಳೆಯುವ ಉಪಕರಣ ಚಿಕ್ಕದಾಗಿರಬೇಕು ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ನಮ್ಮ ಹದಿನೆಂಟು ಮನೆಯ ಕ್ರಾಸೆಂಬ ಚಿಕ್ಕ ಲೋಟಕ್ಕೆ ನನ್ನಂಥ ದಪ್ಪ ಥರ್ಮಾಮೀಟರನ್ನು ಇಳಿಸಿದವಳು ನಾನೇ.

ಶ್ರುತಿಗೆ ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ, ಕೇಸರಿಬಾತ್ ಒಂದನ್ನು ಬಿಟ್ಟು. ಬೈಯುತ್ತಾಳೆ ಎಂದುಕೊಂಡಿದ್ದೆ, ನಕ್ಕಳು. "ನಮ್ಮಲ್ಲೂ ಇದೇ ತಲೆನೋವು ಆಂಟಿ. ಹೆಸರು ಹೊರಗೆ ಬರುತ್ತೆ ಅಂದ್ರೆ ಜನ ಆಸ್ಪತ್ರೆಗೇ ಬರಲ್ಲ. ಅದಕ್ಕೆ ನಾವು ಹೊರಗೆ ಕೊಡೋ ಲೆಕ್ಕದಲ್ಲಿ ಹೆಸರೇ ಇರಲ್ಲ. ಮೊದಲು ಅಜ್ಜಿನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ. ಪಾಪು ಎಲ್ಲೂ ಹೋಗಲ್ಲ, ಇಲ್ಲೇ ಇರುತ್ತೆ" ಎಂದಳು. ಫೋನಿನಲ್ಲಿ ಹಿಂದೆ ಮಗು ಅಳುವುದು ಕೇಳಿಸಿತು. ಕಮಲಮ್ಮನವರು ನನ್ನ ಕೈಯಿಂದ ಫೋನು ತೆಗೆದುಕೊಂಡು ಆ ಅಳುವನ್ನೇ ಕೇಳುತ್ತ ಕೂತರು.

ಅದೇ ದಿನ ಗುಂಪಿನಲ್ಲಿ ಕ್ಷಮೆ ಕೇಳಿ ನಾಲ್ಕು ಸಾಲು ಬರೆದೆ. ಗ್ರಾಫ್ ಹಾಕಲಿಲ್ಲ. ಕುಂಡದ ಪಕ್ಕ, ಮುಚ್ಚಳಕ್ಕೆ ತೂತು ಕೊರೆದ ಒಂದು ಡಬ್ಬಿ ಮತ್ತು ಒಂದು ತೆಂಗಿನ ಚಿಪ್ಪಿನ ತುಂಬ ಹುಣಸೆಬೀಜ ಇಟ್ಟೆ. ಮನೆಯಲ್ಲಿ ಹೊಸದಾಗಿ ಯಾರಿಗಾದರೂ ಕೆಮ್ಮು ಬಂದರೆ ಎಲೆ ಕಿತ್ತುಕೊಂಡು ಒಂದು ಬೀಜ ಡಬ್ಬಿಗೆ ಹಾಕುವುದು. ಹೆಸರಿಲ್ಲ, ನಂಬರಿಲ್ಲ. ಹಾಕುವಾಗ ನಾನು ಕಿಟಕಿಯಲ್ಲಿ ನಿಲ್ಲುವುದಿಲ್ಲ ಎಂದು ನಮ್ಮನೆಯವರು ನನ್ನಿಂದ ಆಣೆ ಹಾಕಿಸಿಕೊಂಡರು. ಬೇಕಾದರೆ ನಂಬಿ, ಪಾಲಿಸಿದೆ. ಎರಡು ಸಲ ಪರದೆಯ ಸಂದಿಯಿಂದ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದು ವಾರ ಕಳೆದು ಭಾನುವಾರ ಡಬ್ಬಿ ಬಗ್ಗಿಸಿದರೆ ಒಂದು ಬೊಗಸೆ ಬೀಜ ಬಿತ್ತು! ಹದಿನೇಳು. ಸೊನ್ನೆ ಇದ್ದ ಜಾಗದಲ್ಲಿ ಹದಿನೇಳು ನೋಡಿ ಯಾರಾದರೂ ಗಾಬರಿಯಾಗಬೇಕು, ನನಗೆ ಮನಸ್ಸು ಹಗುರಾಯಿತು. ಮುಂದಿನ ವಾರ ಎಂಟು. ಅದರ ಮುಂದಿನ ವಾರ ಎರಡು. ಟ್ಯೂಷನ್ ಮಹಡಿಯ ಕಿಟಕಿಗಳು ತೆರೆದವು, ಮಕ್ಕಳು ಮಾಸ್ಕ್ ಹಾಕಿಕೊಂಡು ಬಂದರು. ಕಮಲಮ್ಮನವರ ಕೆಮ್ಮು ಡಾಕ್ಟರ ಔಷಧಿಗೋ ಗಿಡದ ಕರುಣೆಗೋ ಪೂರ್ತಿ ನಿಂತಿತು. ಆಮೇಲೆ ಎರಡು ವಾರ ಡಬ್ಬಿ ಅಲ್ಲಾಡಿಸಿದರೆ ಸದ್ದಿಲ್ಲ. ಗಿಡದಲ್ಲಿ ಹೊಸ ಚಿಗುರು ತುಂಬಿತ್ತು. ಈ ಸಲ ಎರಡೂ ಉಪಕರಣ ಒಂದೇ ಉತ್ತರ ಕೊಟ್ಟವು.

ಮಗು ಬಂತು. ಕಮಲಮ್ಮನವರು ಕೈಯನ್ನು ಸೋಪಿನಲ್ಲಿ ಎಷ್ಟು ತೊಳೆದರೆಂದರೆ ಸೊಸೆ ಬಂದು ನಲ್ಲಿ ನಿಲ್ಲಿಸಬೇಕಾಯಿತು. ಮಡಿಲಿಗೆ ಕೂಸನ್ನು ಇಟ್ಟಾಗ ಲಟಿಗೆ ಮುರಿಯುವುದನ್ನೂ ಮರೆತರು. ಸುಮ್ಮನೆ ಅದರ ಅಂಗಾಲಿಗೆ ತಮ್ಮ ಕೆನ್ನೆ ತಾಗಿಸಿಕೊಂಡು ಕೂತರು. ನಾವೆಲ್ಲ ಬೇರೆ ಕಡೆ ನೋಡಿದೆವು. ಬೇರೆ ಕಡೆ ನೋಡಿದರೂ ನನಗೆ ಕಣ್ಣು ಮಂಜಾಯಿತು.

ಆಮೇಲೆ ಕುಲಾವಿ ಬಂತು. ಗಂಟು ಹಾಕಿ ಮುಗಿದಿತ್ತು. ತೊಡಿಸಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು. ನನ್ನ ಕೆಟ್ಟ ಅಭ್ಯಾಸ ನಿಮಗೆ ಗೊತ್ತೇ ಇದೆ, ಸುತ್ತುಗಳನ್ನು ಎಣಿಸಿದೆ. ಎಂಟು. ನನ್ನ ಪುಸ್ತಕದಲ್ಲಿ ಕೆಮ್ಮಿನ ವಾರಗಳು ಆರೇ. ಹೆಚ್ಚಿನ ಎರಡು ಸುತ್ತು ಕೆಂಪು ಉಲ್ಲನ್ನಿನವು. ನಾನು ಸೊನ್ನೆ ಎಂದು ಬರೆದು ಕೇಸರಿಬಾತ್ ಹಂಚಿದ ಎರಡು ವಾರ ಕಮಲಮ್ಮನವರು ನನಗೆ ಮುಚ್ಚಿಟ್ಟರು, ಶ್ರುತಿಗೆ ಮುಚ್ಚಿಟ್ಟರು. ಕುಲಾವಿಗೆ ಮಾತ್ರ ಸುಳ್ಳು ಹೇಳಿರಲಿಲ್ಲ. ಆ ಎರಡು ಸುತ್ತು ಇಲ್ಲದಿದ್ದರೆ ಕುಲಾವಿ ಮಗುವಿನ ಕಿವಿಯವರೆಗೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮಗು ಸೀನಿತು. ಗುಬ್ಬಿ ಸೀನಿದಷ್ಟು ಚಿಕ್ಕ ಸೀನು. ಎಲ್ಲರ ತಲೆಯೂ ಮಡಿಲಿನ ಕಡೆ ತಿರುಗಿತು. "ಚಿರಂಜೀವಿ, ಚಿರಂಜೀವಿ" ಎಂದು ಕಮಲಮ್ಮನವರು ನೆತ್ತಿ ಮುಟ್ಟಿದರು. ನನ್ನ ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಪರ್ಸಿಗೆ ಹೋಗಿತ್ತು. ಅದರಲ್ಲಿ ಒಂದೆರಡು ಹುಣಸೆಬೀಜ ಸದಾ ಇರುತ್ತವೆ.

ಶ್ರುತಿ ನೋಡಿಬಿಟ್ಟಳು. "ಆಂಟಿ, ಇಷ್ಟು ಚಿಕ್ಕ ಮಕ್ಕಳು ದಿನಾ ಹೀಗೇ ಸೀನ್ತಾವೆ. ಏನೂ ಇಲ್ಲ. ಎಣಿಸ್ಬೇಡಿ" ಎಂದಳು.

ಎಣಿಸಲಿಲ್ಲ. ಬೀಜವನ್ನು ಪರ್ಸಿನಲ್ಲೇ ಬಿಟ್ಟು, ಕೈ ತೊಳೆದುಕೊಂಡು ಬಂದು, ನಾನೂ ಒಂದು ಸಲ ಎತ್ತಿಕೊಳ್ಳಲಾ ಎಂದು ಕೇಳಿದೆ. ಎಷ್ಟು ಹೊತ್ತು ಎತ್ತಿಕೊಂಡಿದ್ದೆನೋ, ನೋಡಿಕೊಳ್ಳಲಿಲ್ಲ.